ದಾವಣಗೆರೆ, ಚಿತ್ರದುರ್ಗದ ಕಾರ್ಖಾನೆಗಳ ಪರಿಸರ ಚರಿತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ವಿದ್ಯಾರ್ಥಿಗಳು, ಮೇಷ್ಟ್ರುಗಳು, ಊರಿನ ಹಳೆಯ ಸಂಗತಿ ಬರೆದಿಡಬೇಕು ಅನ್ನುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಸಾಧಾರಣ ಲ್ಯಾಪ್‌ಟಾಪ್, ಒಂದು ಫೋನ್, ಇಂಟರ್ನೆಟ್ ಇದ್ದರೆ ಕೆಲಸ ಶುರು ಮಾಡಬಹುದು. ತಾಳ್ಮೆ ಮಾತ್ರ ಜಾಸ್ತಿ ಬೇಕು.

ಪರಿಸರ ಚರಿತ್ರೆ ಅಂದರೆ ಏನು? ಮಿಲ್ಲಿನ ಚರಿತ್ರೆ ಬರೆದರೆ ಸಾಲದಾ?

ಮಿಲ್ಲಿನ ಚರಿತ್ರೆಯಲ್ಲಿ ಯಾರು ಕಟ್ಟಿದರು, ಎಷ್ಟು ಬಂಡವಾಳ ಹಾಕಿದರು, ಯಾವಾಗ ಬಾಗಿಲು ಹಾಕಿದರು ಅನ್ನುವುದು ಬರುತ್ತದೆ. ಪರಿಸರ ಚರಿತ್ರೆ ಕೇಳುವುದು ಬೇರೆ. ಬಾಯ್ಲರಿಗೆ ಸೌದೆ ಯಾವ ಕಾಡಿನಿಂದ ಬಂತು? ನೀರು ಯಾವ ಕೆರೆಯದು? ಬಳಸಿದ ಮೇಲೆ ಆ ನೀರು ಯಾವ ಹಳ್ಳಕ್ಕೆ ಹೋಯಿತು? ಚಿಮಣಿಯ ಹೊಗೆ ಯಾವ ಕೇರಿಯ ಮೇಲೆ ಇಳಿಯಿತು? ಹತ್ತಿ ಬೆಳೆಯುತ್ತಿದ್ದ ಎರೆಹೊಲದಲ್ಲಿ ಈಗ ಮೆಕ್ಕೆಜೋಳ ಯಾಕೆ ನಿಂತಿದೆ?

ಮಿಲ್ಲಿನ ಕಾಂಪೌಂಡಿನ ಒಳಗೂ ಪರಿಸರ ಇದೆ. ನೂಲು ತುಂಡಾಗಬಾರದು ಅಂತ ನೂಲುವ ವಿಭಾಗದಲ್ಲಿ ಗಾಳಿಯನ್ನು ಯಾವಾಗಲೂ ತೇವವಾಗಿ ಇಡುತ್ತಾರೆ. ಆ ಸೆಕೆಯಲ್ಲಿ, ಹತ್ತಿ ಧೂಳಿನಲ್ಲಿ ಜನ ಪಾಳಿ ಮೇಲೆ ಪಾಳಿ ದುಡಿದಿದ್ದಾರೆ. ಅವರ ಶ್ವಾಸಕೋಶವೂ ಈ ಚರಿತ್ರೆಯ ಭಾಗವೇ.

ನಮ್ಮ ಭಾಗದಲ್ಲಿ ಬರೆಯುವಂಥದ್ದು ಏನಿದೆ?

ತುಂಬಾ ಇದೆ. ದಾವಣಗೆರೆಯನ್ನು 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಕರೆದದ್ದು ಎಲ್ಲರಿಗೂ ಗೊತ್ತು. ದಾವಣಗೆರೆ ಕಾಟನ್ ಮಿಲ್ಲಿನ ಹೆಸರು ಇವತ್ತಿಗೂ ಡಿಸಿಎಂ ಟೌನ್‌ಶಿಪ್ ಅನ್ನುವುದರಲ್ಲಿ ಉಳಿದಿದೆ. ತೋಳಹುಣಸೆ ಕಡೆಯ ಯಲ್ಲಮ್ಮ ಮಿಲ್ 1974ರ ಕಾಯ್ದೆಯಡಿ ರಾಷ್ಟ್ರೀಕರಣವಾದ ಮಿಲ್ಲುಗಳಲ್ಲಿ ಒಂದು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಲೇತ್ ತಯಾರಿಸುತ್ತಿದ್ದ ಕಾರ್ಖಾನೆ ಅದು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲುಗಳು, ಚಿತ್ರದುರ್ಗದ ಪಕ್ಕ ಇಂಗಳದಾಳಿನಲ್ಲಿ ತಾಮ್ರದ ಗಣಿ, ಹೊಳಲ್ಕೆರೆ–ಚಿತ್ರದುರ್ಗದ ಗುಡ್ಡಗಳಲ್ಲಿ ಕಬ್ಬಿಣದ ಅದಿರು. ದಾವಣಗೆರೆಯಲ್ಲಿ ಅಕ್ಕಿ ಗಿರಣಿಗಳು, ಮಂಡಕ್ಕಿ ಭಟ್ಟಿಗಳು. ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರಗಳು. ಗಾಳಿಯಂತ್ರಕ್ಕೆ ಹೊಗೆ ಇಲ್ಲ ನಿಜ. ಆದರೆ ಅದನ್ನು ಗುಡ್ಡದ ನೆತ್ತಿಗೆ ಏರಿಸಲು ರಸ್ತೆ ಕಡಿದಿದ್ದಾರೆ. ಅದೂ ದಾಖಲಾಗಬೇಕು.

ಇಷ್ಟರಲ್ಲಿ ಒಂದನ್ನು ಹಿಡಿಯಿರಿ. ಒಂದು ಮಿಲ್, ಒಂದು ಹಳ್ಳ, ಒಂದು ಗುಡ್ಡ. 'ದಾವಣಗೆರೆ ಜಿಲ್ಲೆಯ ಕೈಗಾರಿಕೆ ಮತ್ತು ಪರಿಸರ' ಅಂತ ವಿಷಯ ಇಟ್ಟುಕೊಂಡರೆ ಗೆಜೆಟಿಯರಿನಲ್ಲಿ ಆಗಲೇ ಇರುವುದನ್ನೇ ಮತ್ತೆ ಬರೆಯುತ್ತೀರಿ, ಅಷ್ಟೇ.

ಮಿಲ್ ಬಂದ ಮೇಲಿನಿಂದ ಶುರು ಮಾಡಿದರೆ ಆಯ್ತಲ್ವಾ?

ಬೇಡ, ಇನ್ನೂ ಹಿಂದಕ್ಕೆ ಹೋಗಿ. ಟಿಪ್ಪು ಸುಲ್ತಾನ್ ಬಿದ್ದ ಮೇಲೆ, 1800–01ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿ ಸರ್ಕಾರದ ಪರವಾಗಿ ಈ ಸೀಮೆಯನ್ನೆಲ್ಲ ಸುತ್ತಿದ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗೆ ಗಾಜು ಕಾಯಿಸುತ್ತಿದ್ದುದನ್ನು ವಿವರವಾಗಿ ಬರೆದಿದ್ದಾನೆ. ಗಾಜಿಗೆ ಕುಲುಮೆ ಬೇಕು, ಕುಲುಮೆಗೆ ಸೌದೆ ಬೇಕು. ಕಬ್ಬಿಣ ಕರಗಿಸುವವರಿಗೂ ಇದ್ದಿಲೇ ಬೇಕಿತ್ತು. ಅಂದರೆ ಮಿಲ್ಲಿನ ಸೈರನ್ ಕೂಗುವ ಮೊದಲೇ ಗುಡ್ಡಗಳ ಮೇಲೆ ಕೊಡಲಿ ಬಿದ್ದಿತ್ತು.

ಆಮೇಲೆ 19ನೇ ಶತಮಾನದ ಕೊನೆಗೆ ಬೆಂಗಳೂರಿನಿಂದ ಹರಿಹರಕ್ಕೆ ರೈಲು ಬಂತು. ಹತ್ತಿ ಮಂಡಿ ಬೆಳೆದದ್ದು, ಹತ್ತಿಯ ಬೀಜ ಬಿಡಿಸಿ ಒತ್ತಿ ಕಟ್ಟುವ ಜಿನ್ನಿಂಗ್–ಪ್ರೆಸ್ಸಿಂಗ್ ಬಂದದ್ದು ಆ ಹಳಿಯ ಬೆನ್ನಿಗೆ. ಆಗಿನ ಮೈಸೂರು ರೈಲುಗಳು ಸೌದೆಯನ್ನೂ ಉರಿಸುತ್ತಿದ್ದವು. ಹಾಗಾಗಿ ರೈಲು ಬರುವುದಕ್ಕೆ ಮುಂಚೆ ನೆಲ, ಕಾಡು, ಕಾವಲು (ದನ ಮೇಯುವ ಹುಲ್ಲುಗಾವಲು) ಹೇಗಿದ್ದವು ಅನ್ನುವ ಒಂದು ಅಧ್ಯಾಯ ಬೇಕೇ ಬೇಕು. ಹೋಲಿಸಿ ನೋಡಲು ಹಿಂದಿನ ಸ್ಥಿತಿ ಇಲ್ಲದಿದ್ದರೆ 'ಬದಲಾಯಿತು' ಅನ್ನುವ ಮಾತಿಗೆ ಆಧಾರವೇ ಇರುವುದಿಲ್ಲ.

'ಪರಿಸರ', 'ಮಾಲಿನ್ಯ' ಅಂತ ಹುಡುಕಿದರೆ ಏನೂ ಸಿಗುತ್ತಿಲ್ಲ. ಯಾಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

1970ರ ದಶಕಕ್ಕೆ ಮುಂಚೆ 'ಪರಿಸರ' ಅನ್ನುವ ಹೆಸರಿನ ಇಲಾಖೆಯೂ ಇರಲಿಲ್ಲ, ಕಡತವೂ ಇರಲಿಲ್ಲ. ಜಲ ಮಾಲಿನ್ಯ ಕಾಯ್ದೆ ಬಂದದ್ದು 1974ರಲ್ಲಿ. ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ವಾಯು ಕಾಯ್ದೆ 1981ರದ್ದು. ಅದಕ್ಕೂ ಹಿಂದಿನ ಸಂಗತಿಗಳೆಲ್ಲ ಬೇರೆ ಬೇರೆ ಹೆಸರಿನಲ್ಲಿ ಚದುರಿ ಬಿದ್ದಿವೆ. ಸೌದೆಯ ಲೆಕ್ಕ ಅರಣ್ಯ ಇಲಾಖೆಯ ವಾರ್ಷಿಕ ವರದಿಯಲ್ಲಿದೆ. ಕೊಳಚೆ ನೀರಿನ ಜಗಳ ಪುರಸಭೆಯ ನಡಾವಳಿಯಲ್ಲಿದೆ. ಕೆರೆ ನೀರಿನ ತಂಟೆ ಕಂದಾಯದ ಕಡತದಲ್ಲಿದೆ. ಧೂಳಿನ ವಿಷಯ ಕಾರ್ಖಾನೆ ಇನ್‌ಸ್ಪೆಕ್ಟರ ವರದಿಯಲ್ಲಿದೆ.

ಹಿರಿಯೂರನ್ನೇ ನೋಡಿ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ನೀರಾವರಿ ಬಂತು, ಸೊಳ್ಳೆಯೂ ಬಂತು. 1920ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸರ್ಕಾರ ಹಿರಿಯೂರಿನಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ನಡೆಸಿತು. ಆ ಅಣೆಕಟ್ಟಿನ ಪರಿಸರ ಕಥೆಯ ಒಂದು ದೊಡ್ಡ ಪಾಲು ಆರೋಗ್ಯ ಇಲಾಖೆಯ ಕಾಗದಗಳಲ್ಲಿ ಕೂತಿದೆ. ನೀರಾವರಿ ಕಡತ ಮಾತ್ರ ನೋಡಿದವರಿಗೆ ಅದು ಸಿಗುವುದೇ ಇಲ್ಲ.

ಡಿಜಿಟಲ್ ವಿಧಾನದ ನಿಜವಾದ ಉಪಯೋಗ ಇಲ್ಲೇ. ಚದುರಿದ್ದನ್ನು ಒಂದೇ ಪಟ್ಟಿಗೆ ತಂದು, ಒಂದೇ ನಕ್ಷೆಯ ಮೇಲೆ, ಒಂದೇ ಕಾಲಪಟ್ಟಿಯಲ್ಲಿ ಕೂರಿಸುವುದು. ಹಾಗಾಗಿ ಮೊದಲು ಪದಗಳ ಪಟ್ಟಿ ಮಾಡಿಕೊಳ್ಳಿ. ಗಿರಣಿ, ಮಿಲ್ಲು, ಕಾರ್ಖಾನೆ, ಯಂತ್ರ. ಹೊಗೆ, ಮಸಿ, ನಾತ, ಹೊಲಸು ನೀರು, ಚರಂಡಿ, ಕೊಳಚೆ. ಸೌದೆ, ಕಟ್ಟಿಗೆ, ಇದ್ದಿಲು. ಕಾವಲು, ಗೋಮಾಳ, ಖರಾಬು. ಇಂಗ್ಲಿಷ್ ದಾಖಲೆಗೆ ಬೇರೆ ಪಟ್ಟಿ ಬೇಕು. ಅಲ್ಲಿ ಮಾಲಿನ್ಯಕ್ಕೆ 'ನ್ಯೂಸೆನ್ಸ್' ಅಂತಲೂ, ಕೊಳಚೆಗೆ 'ಸಲ್ಲೇಜ್' ಅಂತಲೂ ಬರುತ್ತದೆ. ಊರಿನ ಹೆಸರೂ ಒಂದೇ ಥರ ಇರುವುದಿಲ್ಲ. ಚಿತ್ರದುರ್ಗ ಹಳೆಯ ಕಾಗದಗಳಲ್ಲಿ 'ಚಿತಲ್‌ಡ್ರೂಗ್', 'ಚಿತಲ್‌ದುರ್ಗ್' ಆಗಿರುತ್ತದೆ.

ದಾಖಲೆಗಳು ಯಾವ ಊರಿನಲ್ಲಿವೆ? ದಾವಣಗೆರೆ ಡಿಸಿ ಆಫೀಸಿನಲ್ಲಿ ಕೇಳಿದರೆ ಸಾಕಾ?

ಸಾಲದು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ. ಹರಪನಹಳ್ಳಿ ಬಳ್ಳಾರಿಯಿಂದ ಬಂದು ಮತ್ತೆ ಬಳ್ಳಾರಿಗೆ ಹೋಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಾಗಾಗಿ ದಾವಣಗೆರೆ ಮಿಲ್ಲುಗಳ ಒಳ್ಳೆಯ ಕಾಲದ ಅಂಕಿಅಂಶವೆಲ್ಲ ಚಿತ್ರದುರ್ಗ ಜಿಲ್ಲೆಯ ಹೆಸರಿನಲ್ಲಿದೆ. 1967ರ ಜಿಲ್ಲಾ ಗೆಜೆಟಿಯರ್, 1951ರಿಂದ ಮುಂದಿನ ಜನಗಣತಿಯ ಜಿಲ್ಲಾ ಕೈಪಿಡಿಗಳು, ಎಲ್ಲವೂ. 1991 ಮತ್ತು 2001ರ ಜಿಲ್ಲಾ ಮೊತ್ತಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟರೆ ಚಿತ್ರದುರ್ಗದ ಕೈಗಾರಿಕೆ ಒಮ್ಮೆಗೇ ಕುಸಿದ ಹಾಗೆ ಕಾಣುತ್ತದೆ. ಕುಸಿದಿದ್ದಲ್ಲ, ಗಡಿ ಬದಲಾಗಿದ್ದು. ತಾಲ್ಲೂಕು ಮಟ್ಟದ ಅಂಕಿ ತೆಗೆದುಕೊಂಡು ನೀವೇ ಕೂಡಿಸಿ.

ಇನ್ನೂ ದೊಡ್ಡ ತೊಡಕು ತುಂಗಭದ್ರೆಯದು. 1956ರ ನವೆಂಬರ್ 1ರವರೆಗೆ ಹರಿಹರದ ದಡ ಮೈಸೂರು ರಾಜ್ಯ, ಎದುರು ದಡ ಮುಂಬಯಿ ರಾಜ್ಯ. ಒಂದೇ ನದಿ, ಎರಡು ಸರ್ಕಾರ, ಎರಡು ದಫ್ತರ. ಈ ದಡದ ಹಳೆಯ ಕಾಗದಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಆ ದಡದ್ದಕ್ಕೆ ಧಾರವಾಡ, ಮುಂಬೈ.

ಹರಿಹರ ಪಾಲಿಫೈಬರ್ಸ್ ವಿಷಯದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹೆಸರಿನಲ್ಲಿ ಹರಿಹರ ಇದ್ದರೂ ಕಾರ್ಖಾನೆ ಇರುವುದು ಹೊಳೆಯ ಆಚೆ ಕುಮಾರಪಟ್ಟಣದಲ್ಲಿ, ರಾಣೆಬೆನ್ನೂರು ತಾಲ್ಲೂಕು. 1972ರಲ್ಲಿ ಅದು ಶುರುವಾದಾಗ ಧಾರವಾಡ ಜಿಲ್ಲೆ, ಈಗ ಹಾವೇರಿ. ಮರದಿಂದ ರೇಯಾನ್‌ಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ. ಬಿಟ್ಟ ನೀರಿನ ಬಗ್ಗೆ 1980ರ ದಶಕದಲ್ಲಿ ನದಿದಂಡೆಯ ಹಳ್ಳಿಗಳು ಎದ್ದು ನಿಂತವು. ಮರದ ಪೂರೈಕೆಗಾಗಿ 1984ರಲ್ಲಿ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಮಾಡಿದವು. ಸುಮಾರು 30,000 ಹೆಕ್ಟೇರ್ ಸಾಮೂಹಿಕ ಜಮೀನಿನಲ್ಲಿ ನೀಲಗಿರಿ ಬೆಳೆಸುವ ಯೋಜನೆ. ದನ ಮೇಯುವ, ಸೌದೆ ಆರಿಸುವ ಜಾಗ ಹೋಗುತ್ತದೆ ಅಂತ ಜನ ಪ್ರತಿಭಟಿಸಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೊ–ಹಚ್ಚಿಕೊ' ಸತ್ಯಾಗ್ರಹ ಅಂತ ಹೆಸರಾಯಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅದರ ಮುಂಚೂಣಿಯಲ್ಲಿತ್ತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ದಾವಣಗೆರೆಯಲ್ಲಿ ಮಾತ್ರ ಹುಡುಕಿದವರಿಗೆ ಈ ಚರಿತ್ರೆಯ ಅರ್ಧವೂ ಕಾಣುವುದಿಲ್ಲ.

ಮನೆಯಲ್ಲಿ ಕೂತು ಏನೇನು ನೋಡಬಹುದು?

ಇಂಟರ್ನೆಟ್ ಆರ್ಕೈವ್‌ನಲ್ಲಿ ಮೈಸೂರು ಸಂಸ್ಥಾನದ ಆಡಳಿತ ವರದಿಗಳು, ಬಿ.ಎಲ್. ರೈಸ್ ಅವರ ಗೆಜೆಟಿಯರ್, ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಇವೆ. 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಎಂಬ ಸಂಗ್ರಹ ಅಲ್ಲೇ ಇದೆ, ತಪ್ಪದೆ ನೋಡಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ತಾಣದಲ್ಲಿ ಮೈಸೂರು ರೆಸಿಡೆನ್ಸಿಯ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿ) ಕಡತಗಳನ್ನು ಹುಡುಕಬಹುದು. 1881ರಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳನ್ನು ನಾನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ತಾಲ್ಲೂಕುಗಳಿಂದ ಬಂದ ಸದಸ್ಯರು ದಿವಾನರ ಎದುರು ಕೆರೆ, ಕಾಡು, ಮೇವು, ಸೌದೆಯ ಕಷ್ಟ ಹೇಳಿಕೊಂಡದ್ದು ಅಲ್ಲಿ ಅಚ್ಚಾಗಿದೆ. ಸರ್ಕಾರದ ವರದಿಯಲ್ಲಿ ಸಿಗದ ಊರಿನ ದನಿ ಅದು.

ಪತ್ರಿಕೆಗಳ ವಿಷಯಕ್ಕೆ ಮಾತ್ರ ಮನೆ ಬಿಡಲೇಬೇಕು. ದಾವಣಗೆರೆಯ ಮಟ್ಟಿಗೆ ಜನತಾವಾಣಿಯಂಥ ಸ್ಥಳೀಯ ಪತ್ರಿಕೆಯ ಹಳೆಯ ಸಂಚಿಕೆಗಳು ರಾಜ್ಯ ಪತ್ರಿಕೆಗಳಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತವೆ. ಒಂದು ಬಡಾವಣೆಯ ನಲ್ಲಿಯಲ್ಲಿ ಕೆಟ್ಟ ನೀರು ಬಂದ ಸುದ್ದಿ ಬೆಂಗಳೂರಿನ ಪತ್ರಿಕೆಯಲ್ಲಿ ಯಾಕೆ ಬರುತ್ತೆ?

ಹಳೆಯ ಕನ್ನಡ ಪುಟದ ಫೋಟೋವನ್ನು ಹುಡುಕಬಹುದಾದ ಅಕ್ಷರ ಮಾಡುವುದು ಹೇಗೆ?

ಒಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ ಬಳಸಿ. ಟೆಸರ್ಯಾಕ್ಟ್ ಉಚಿತ, ಅದರಲ್ಲಿ ಕನ್ನಡ ಮಾದರಿ ಇದೆ. ಗೂಗಲ್ ಡ್ರೈವ್‌ನದೂ ಕನ್ನಡ ಓದುತ್ತದೆ. ಫೋಟೋ ತೆಗೆಯುವಾಗ ಪುಟ ಚಪ್ಪಟೆಯಾಗಿರಲಿ, ನೆರಳು ಬೀಳದಿರಲಿ, ಸ್ಕ್ಯಾನ್ ಆದರೆ 300 ಡಿಪಿಐ ಇರಲಿ. ಪುಟದಲ್ಲಿ ಇಂಗ್ಲಿಷ್ ಪದಗಳೂ ಇದ್ದರೆ ಎರಡೂ ಭಾಷೆಯನ್ನು ಒಟ್ಟಿಗೆ ಆರಿಸಿ.

ಮೊಳೆ ಜೋಡಿಸಿ ಅಚ್ಚು ಮಾಡಿದ ಕಾಲದ ಪುಟಗಳಲ್ಲಿ ಒತ್ತಕ್ಷರ ಉದುರಿಹೋಗುತ್ತದೆ. 'ಕಟ್ಟಿಗೆ' ಹೋಗಿ 'ಕಟಿಗೆ' ಆಗುತ್ತದೆ. ಪ, ವ, ಷ ಒಂದಕ್ಕೊಂದು ಬದಲಾಗುತ್ತವೆ. ಅರ್ಕಾವತ್ತು ಎಲ್ಲೋ ಹೋಗಿ ಸೇರುತ್ತದೆ. ಅಪಾಯ ಜಾಸ್ತಿ ಇರುವುದು ಅಂಕಿಗಳಲ್ಲಿ. ಕನ್ನಡ ಅಂಕಿಯ ೬ ಮತ್ತು ೯ ಅದಲುಬದಲಾದರೆ ವಾಕ್ಯದ ಅರ್ಥ ಕೆಡುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಪಟ್ಟಿ, ಕೋಷ್ಟಕ, ಇಸವಿಗಳನ್ನು ಯಂತ್ರಕ್ಕೆ ಬಿಡಬೇಡಿ. ಕೈಯಾರೆ ಟೈಪ್ ಮಾಡಿ, ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ.

ಹುಡುಕುವಾಗ ಪೂರ್ತಿ ಪದ ಹಾಕಬೇಡಿ. ನಮ್ಮ ಭಾಷೆಯಲ್ಲಿ ಕೆರೆ ಅನ್ನುವುದು ಕೆರೆಯ, ಕೆರೆಗೆ, ಕೆರೆಯಿಂದ ಅಂತ ಬಾಲ ಬೆಳೆಸಿಕೊಳ್ಳುತ್ತದೆ. 'ಗಿರಣ' ಅಂತ ಹಾಕಿದರೆ ಗಿರಣಿ, ಗಿರಣಿಯ, ಗಿರಣಿಗಳು ಎಲ್ಲ ಸಿಗುತ್ತವೆ.

ಸರ್ಕಾರಿ ಕಚೇರಿಯಿಂದ ಬಂದ ಫೈಲ್ ಕಾಪಿ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತಿವೆ!

ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆದದ್ದು, ಯೂನಿಕೋಡ್ ಅಲ್ಲ. 'ಆಸ್ಕಿಯಿಂದ ಯೂನಿಕೋಡ್' ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಕಡತವನ್ನು ಮುಟ್ಟಬೇಡಿ.

ಹಳೆಯ ನಕ್ಷೆಯನ್ನು ಇವತ್ತಿನ ಊರಿನ ಮೇಲೆ ಕೂರಿಸಬಹುದಾ?

ಖಂಡಿತ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಅದಕ್ಕೆಂದೇ ಸೌಲಭ್ಯ ಇದೆ. ಸರ್ವೆ ಆಫ್ ಇಂಡಿಯಾದ ಒಂದಿಂಚಿನ ನಕ್ಷೆಗಳಲ್ಲಿ ದಾವಣಗೆರೆ ಬರುವುದು 48 ಎನ್ ಗುಂಪಿನ ಹಾಳೆಯಲ್ಲಿ, ಚಿತ್ರದುರ್ಗ 57 ಬಿ ಗುಂಪಿನ ಹಾಳೆಯಲ್ಲಿ. 76 ಡಿಗ್ರಿ ರೇಖಾಂಶ ದಾವಣಗೆರೆಯ ಪೂರ್ವಕ್ಕೆ ಸಮೀಪದಲ್ಲೇ ಹಾದುಹೋಗುತ್ತದೆ. ಅದರಿಂದ ಊರಿನ ಪೂರ್ವದ ಹಳ್ಳಿಗಳಿಗೆ 57 ಬಿ ಗುಂಪಿನ ಹಾಳೆಯೂ ಬೇಕು. ಅಮೆರಿಕದ ಸೇನೆ 1950ರ ದಶಕದಲ್ಲಿ ಅಚ್ಚು ಹಾಕಿದ 1:2,50,000 ಅಳತೆಯ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಉಚಿತ.

ನಕ್ಷೆ ಕೂರಿಸಲು ಹಿಡಿಯುವ ಗುರುತುಗಳು ಅಲುಗಾಡದಂಥವು ಆಗಿರಬೇಕು. ಹರಿಹರೇಶ್ವರ ಗುಡಿ, ದುರ್ಗದ ಕೋಟೆಯ ಮೂಲೆ, ರೈಲ್ವೆ ಸೇತುವೆ, ಕೆರೆ ಏರಿ, ಕೋಡಿ. ಪಿ.ಬಿ. ರೋಡಿನ ತಿರುವನ್ನು ನಂಬಬೇಡಿ, ರಸ್ತೆಗಳು ಜಾಗ ಬದಲಿಸುತ್ತವೆ. ಭೂಮಿಯ ಆಕಾರವನ್ನು ಲೆಕ್ಕ ಹಾಕಲು ಹಳೆಯ ನಕ್ಷೆಗೆ ಎವರೆಸ್ಟ್ ಎಂಬ ಅಳತೆ, ಜಿಪಿಎಸ್‌ಗೆ ಬೇರೆ ಅಳತೆ. ಇದನ್ನು ಸರಿಪಡಿಸದಿದ್ದರೆ ಎಲ್ಲವೂ ನೂರು ಮೀಟರಿಗೂ ಜಾಸ್ತಿ ಪಕ್ಕಕ್ಕೆ ಸರಿದು ಕೂರುತ್ತದೆ.

ಮಿಲ್ಲಿನ ಜಾಗ ಹಿಂದೆ ಯಾರದಿತ್ತು ಅನ್ನುವುದಕ್ಕೆ ದಿಶಾಂಕ್ ಆ್ಯಪ್‌ನಿಂದ ಸರ್ವೆ ನಂಬರ್ ತೆಗೆಯಿರಿ. ಆ ನಂಬರ್ ಹಿಡಿದು ಗ್ರಾಮ ನಕ್ಷೆ, ಹಳೆಯ ಪಹಣಿ ನೋಡಿ. ಕೆರೆಯಂಗಳ, ಗೋಮಾಳ, ಬಿ ಖರಾಬು (ಸಾಗುವಳಿಗಲ್ಲದ, ಸಾರ್ವಜನಿಕ ಬಳಕೆಯ ಜಾಗ) ಅಂತ ಬರೆದಿದ್ದರೆ ಅಲ್ಲಿ ಒಂದು ಕಥೆ ಇದೆ.

ಉಪಗ್ರಹ ಚಿತ್ರದಲ್ಲಿ ಎಷ್ಟು ಹಿಂದಕ್ಕೆ ಹೋಗಬಹುದು?

1960ರ ದಶಕದವರೆಗೆ. ಅಮೆರಿಕದ ಕರೋನಾ ಬೇಹು ಉಪಗ್ರಹಗಳ ಚಿತ್ರಗಳನ್ನು 1995ರಲ್ಲಿ ಸಾರ್ವಜನಿಕರಿಗೆ ಬಿಟ್ಟರು. ಅಲ್ಲಿನ ಭೂವಿಜ್ಞಾನ ಸಂಸ್ಥೆಯಾದ ಯುಎಸ್‌ಜಿಎಸ್‌ನ ಅರ್ಥ್ ಎಕ್ಸ್‌ಪ್ಲೋರರ್‌ನಲ್ಲಿ ನಮ್ಮ ಸೀಮೆಯ ಚೌಕ ಹಾಕಿ ಹುಡುಕಿ. ಯಾರಾದರೂ ಆಗಲೇ ಸ್ಕ್ಯಾನ್ ಮಾಡಿಸಿದ ಫ್ರೇಮ್ ಉಚಿತ, ಇಲ್ಲದಿದ್ದರೆ ಒಂದಕ್ಕೆ 30 ಡಾಲರ್. 1972ರಿಂದ ಲ್ಯಾಂಡ್‌ಸ್ಯಾಟ್, 2015ರಿಂದ ಸೆಂಟಿನೆಲ್–2.

ಯಾವುದರಲ್ಲಿ ಎಷ್ಟು ಕಾಣುತ್ತದೆ ಅನ್ನುವುದನ್ನು ನಮ್ಮ ಲೆಕ್ಕದಲ್ಲೇ ತಿಳಿಯಿರಿ. ಮೊದಲ ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕೆ ಸುಮಾರು ಒಂದೂವರೆ ಎಕರೆ. 1984ರ ನಂತರದ್ದು ಸುಮಾರು 9 ಗುಂಟೆ. ಸೆಂಟಿನೆಲ್‌ನದು ಹೆಚ್ಚುಕಡಿಮೆ 1 ಗುಂಟೆ. ಹಾಗಾಗಿ 1975ರ ಚಿತ್ರದಲ್ಲಿ ಮಿಲ್ಲಿನ ಚರಂಡಿ ಹುಡುಕಬೇಡಿ. ಕೆರೆ ಕುಗ್ಗಿದ್ದು, ಗುಡ್ಡ ಕೆಂಪಾದದ್ದು, ನೀಲಗಿರಿ ತೋಪು ಎದ್ದದ್ದು ಕಾಣುತ್ತದೆ.

ಹೋಲಿಸುವಾಗ ಒಂದೇ ತಿಂಗಳ ಚಿತ್ರ ತೆಗೆದುಕೊಳ್ಳಿ. ಮಳೆಯ ಲೆಕ್ಕವನ್ನೂ ಪಕ್ಕದಲ್ಲಿ ಇಡಿ, ಹವಾಮಾನ ಇಲಾಖೆಯ 1901ರಿಂದ ಈಚಿನ ಮಳೆ ದತ್ತಾಂಶ ಸಿಗುತ್ತದೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನಡುವಿನ ಯಾವುದೋ ಬರದ ವರ್ಷದ ಚಿತ್ರ ತೋರಿಸಿ 'ಕೈಗಾರಿಕೆಯಿಂದ ನೀರು ಹೋಯಿತು' ಅಂದರೆ ಒಪ್ಪುವುದಕ್ಕಾಗುವುದಿಲ್ಲ.

ತುಂಗಭದ್ರೆ ಎಷ್ಟು ಕೆಟ್ಟಿದೆ ಅಂತ ಅಂಕಿಯಲ್ಲಿ ತೋರಿಸಬಹುದಾ?

ತೋರಿಸಬಹುದು. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಲ್ಲಿ ಹೊನ್ನಾಳಿ ಹರಿಹರಕ್ಕಿಂತ ಮೇಲಿದೆ, ಹರಲಹಳ್ಳಿ ಕೆಳಗಿದೆ. ಒಂದೇ ತಿಂಗಳಿನ ಎರಡೂ ಕಡೆಯ ಅಂಕಿ ಇಟ್ಟು ನೋಡಿದರೆ ನಡುವೆ ಏನು ಸೇರಿತು ಅನ್ನುವ ಅಂದಾಜು ಬರುತ್ತದೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಬಿಒಡಿ 3 ಮಿಲಿಗ್ರಾಂ ದಾಟಬಾರದು. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ. ಅದು ಏರಿದರೆ ಮೀನಿಗೆ ಉಸಿರಿಲ್ಲ.

ಆದರೆ ಎರಡು ಎಚ್ಚರ. ಹೊನ್ನಾಳಿಗೆ ಬರುವ ನೀರು ಭದ್ರಾವತಿಯನ್ನು ದಾಟಿಯೇ ಬರುತ್ತದೆ. ಅಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆ, 1930ರ ದಶಕದಿಂದ ಕಾಗದದ ಕಾರ್ಖಾನೆ ಇದ್ದವು. ಮೇಲಿನ ನೀರು ಶುದ್ಧ ಅಂತ ಅಂದುಕೊಳ್ಳಬೇಡಿ. ಇನ್ನೊಂದು, ಎರಡು ಕೇಂದ್ರಗಳ ನಡುವೆ ಕಾರ್ಖಾನೆ ಮಾತ್ರ ಇಲ್ಲ. ಹರಿಹರದ ಚರಂಡಿ ಇದೆ, ದಾವಣಗೆರೆಯ ಹಳ್ಳಗಳಿವೆ, ಭದ್ರಾ ನಾಲೆಯ ಗದ್ದೆಗಳಿಂದ ಬಸಿದ ಗೊಬ್ಬರ, ಔಷಧಿ ಇದೆ. ಪಾಲು ಹಂಚುವಾಗ ಎಲ್ಲವನ್ನೂ ಎಣಿಸಿ.

ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕಾರ್ಖಾನೆಯಿಂದ ಅಂತ ಬರೆಯಬಹುದಾ?

ಬರೆಯಬೇಡಿ. ನಮ್ಮ ಸೀಮೆಯ ಫ್ಲೋರೈಡ್ ಮುಖ್ಯವಾಗಿ ಗ್ರಾನೈಟ್ ಬಂಡೆಯಿಂದಲೇ ನೀರಿಗೆ ಬರುತ್ತದೆ. ತೆರೆದ ಬಾವಿ ಬತ್ತಿ ಜನ ಆಳದ ಬೋರ್‌ವೆಲ್ ನೀರಿಗೆ ಇಳಿದದ್ದರಿಂದ ತೊಂದರೆ ಹೆಚ್ಚಿತು. ಬಾವಿ ಯಾಕೆ ಬತ್ತಿತು ಅನ್ನುವುದು ಒಳ್ಳೆಯ ಪ್ರಶ್ನೆ, ಅದನ್ನು ಹಿಡಿಯಿರಿ. ಸಿಟ್ಟು ನ್ಯಾಯವಾದದ್ದೇ ಇರಬಹುದು, ಆದರೂ ಪುರಾವೆ ಇಲ್ಲದ ಒಂದು ಆರೋಪ ಸೇರಿಕೊಂಡರೆ ಪುರಾವೆ ಇರುವ ಹತ್ತು ಮಾತನ್ನೂ ಜನ ನಂಬುವುದಿಲ್ಲ.

ಗಾಳಿಯ ಬಗ್ಗೆ?

2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ 4 ನಗರಗಳು ಬಂದವು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಗಾಳಿಯ ಅಂಕಿ ಈಚಿನ ವರ್ಷಗಳದ್ದು ಮಾತ್ರ. ಹಿಂದಿನದ್ದಕ್ಕೆ ಜನರ ನೆನಪೇ ದಾಖಲೆ. ಮಂಡಕ್ಕಿ ಭಟ್ಟಿ ಪಕ್ಕದ ಮನೆಗಳಲ್ಲಿ ಕೇಳಿ. ಯಾವ ಕಾಲದಲ್ಲಿ ಏನು ಉರಿಸುತ್ತಿದ್ದರು, ಬಟ್ಟೆ ಒಣಹಾಕಿದರೆ ಮಸಿ ಕೂರುತ್ತಿತ್ತಾ, ಯಾವ ತಿಂಗಳು ಜಾಸ್ತಿ. ಭಟ್ಟಿಯವರನ್ನೂ ಕೇಳಿ. ಬೆಂಕಿಯ ಹತ್ತಿರ ದಿನವಿಡೀ ನಿಲ್ಲುವವರು ಅವರೇ.

ಗಣಿ ಮತ್ತು ಕಾವಲುಗಳ ಬಗ್ಗೆ ಕಾಗದಪತ್ರ ಎಲ್ಲಿ ಸಿಗುತ್ತದೆ?

ಕೋರ್ಟಿನಲ್ಲಿ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಗಣಿಗಾರಿಕೆ ನಿಲ್ಲಿಸಿತು. ಬಳ್ಳಾರಿಯಲ್ಲಿ ಅದಕ್ಕೆ ಒಂದು ತಿಂಗಳ ಮುಂಚೆ ನಿಲ್ಲಿಸಿತ್ತು. ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ, ಕೋರ್ಟಿಗೆ ನೆರವಾದ ಕೇಂದ್ರ ಉನ್ನತಾಧಿಕಾರ ಸಮಿತಿಯ (ಸಿಇಸಿ) ವರದಿಗಳು, 2013ರ ಏಪ್ರಿಲ್ 18ರ ತೀರ್ಪು ಎಲ್ಲ ಓದಲು ಸಿಗುತ್ತವೆ. ಅರ್ಜಿ ಹಾಕಿದ್ದು ಅದೇ ಸಮಾಜ ಪರಿವರ್ತನ ಸಮುದಾಯ. ನದಿ, ನೀಲಗಿರಿ, ಗಣಿ ಮೂರೂ ಹೋರಾಟಗಳ ಎಳೆ ಒಂದೇ ಕಡೆ ಸೇರುತ್ತದೆ.

ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಅಲ್ಲಿನ ಕಾಗದಗಳಲ್ಲಿ ಹುಲ್ಲು, ಕುರಿ, ಕಂಬಳಿ ನೇಯುವವರ ಬದುಕು ಬರುತ್ತದೆ. ಹುಲ್ಲುಗಾವಲನ್ನು 'ಪಾಳು ಭೂಮಿ' ಅಂತ ಬರೆದ ದಾಖಲೆ ಕಂಡರೆ ಯಾರು ಬರೆದರು, ಯಾವ ಉದ್ದೇಶಕ್ಕೆ ಬರೆದರು ಅಂತ ಗುರುತು ಹಾಕಿಕೊಳ್ಳಿ.

ನಿವೃತ್ತ ಕಾರ್ಮಿಕರನ್ನು ಮಾತಾಡಿಸುವುದು ಹೇಗೆ?

ಬೇಗ ಮಾತಾಡಿಸಿ. ದಾವಣಗೆರೆಯ ಮಿಲ್ಲುಗಳಲ್ಲಿ ದುಡಿದವರಿಗೆ ವಯಸ್ಸಾಗಿದೆ. 'ಪರಿಸರ ಹೇಗಿತ್ತು?' ಅಂತ ಕೇಳಿದರೆ ಉತ್ತರ ಬರುವುದಿಲ್ಲ. 'ಯಾವ ಖಾತೆಯಲ್ಲಿ ಇದ್ರಿ ಯಜಮಾನ್ರೇ? ಪಾಳಿ ಮುಗಿದ ಮೇಲೆ ಮೈ ಎಲ್ಲಿ ತೊಳೀತಿದ್ರಿ? ಸೋಮವಾರ ಎದೆ ಬಿಗಿಯೋದಾ?' ಅಂತ ಕೇಳಿ. ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್ ಕಾಯಿಲೆ ಶುರುವಿನಲ್ಲಿ ರಜೆ ಮುಗಿಸಿ ಬಂದ ದಿನವೇ ಜಾಸ್ತಿ ಕಾಡುತ್ತದೆ. ಹಾಗಾಗಿ ಆ ಪ್ರಶ್ನೆಗೆ ಬೆಲೆ ಇದೆ. ಕಾರ್ಖಾನೆ ಕಾಯ್ದೆಯಡಿ ವರದಿ ಮಾಡಲೇಬೇಕಾದ ಕಾಯಿಲೆ ಅದಾಗಿತ್ತು. ಜನರ ನೆನಪಿನಲ್ಲಿ ಇದ್ದು ದಾಖಲೆಯಲ್ಲಿ ಇಲ್ಲದಿದ್ದರೆ, ಆ ಮೌನವನ್ನೇ ಬರೆಯಿರಿ.

ಕೆಂಪು ಬಾವುಟದ ಸಂಘಗಳ ಹಳೆಯ ಕರಪತ್ರ, ಬೇಡಿಕೆ ಪಟ್ಟಿಗಳೂ ಮನೆಗಳಲ್ಲಿ ಇರುತ್ತವೆ. ಕಮ್ಯುನಿಸ್ಟ್ ನಾಯಕ ಪಂಪಾಪತಿ ಅವರು ಇಲ್ಲಿಂದ ಶಾಸಕರಾಗಿದ್ದ ಊರು ಇದು. ಕುಡಿಯುವ ನೀರು, ಕಕ್ಕಸು, ವಸತಿ ಅನ್ನುವ ಬೇಡಿಕೆಗಳು ಪರಿಸರದ ಬೇಡಿಕೆಗಳೇ ಅಲ್ವಾ?

ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ, ಹೆಸರು ಹಾಕಬಹುದಾ ಅಂತಲೂ ಕೇಳಿ. ಹೆಂಗಸರನ್ನು ಬಿಡಬೇಡಿ. ನೀರು ಹೊತ್ತವರು, ಸೌದೆ ತಂದವರು ಅವರೇ.

ಇದನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಹೇಗೆ ಇಡಲಿ?

ಒಂದು ಸಾಲಿಗೆ ಒಂದೇ ಸಂಗತಿ. ದಿನಾಂಕ, ಜಾಗ, ಅಕ್ಷಾಂಶ–ರೇಖಾಂಶ, ಏನಾಯಿತು, ಯಾರು ಹೇಳಿದರು, ಎಲ್ಲಿಂದ ಸಿಕ್ಕಿತು. ಮೂಲದಲ್ಲಿ ಇದ್ದ ಅಳತೆಯನ್ನು ಹಾಗೇ ಒಂದು ಕಾಲಮ್ಮಿನಲ್ಲಿ ಇಡಿ, ಈಗಿನ ಅಳತೆಗೆ ತಿರುಗಿಸಿದ್ದನ್ನು ಇನ್ನೊಂದರಲ್ಲಿ. ಮಣ, ಖಂಡುಗ ಊರಿಂದೂರಿಗೆ ಬೇರೆ. 1957ಕ್ಕೆ ಹಿಂದಿನ ರೂಪಾಯಿಗೆ 16 ಆಣೆ, 192 ಪೈ. ಇದನ್ನು ಮರೆತು ದಶಮಾಂಶದಲ್ಲಿ ಬರೆದರೆ ಮೊತ್ತವೆಲ್ಲ ತಪ್ಪುತ್ತದೆ.

ಎಐ ಹತ್ತಿರ ಕೇಳಿದರೆ ಬೇಗ ಆಗಲ್ವಾ?

ಓದಲಾಗದ ಪುಟ ಬಿಡಿಸಲು, ರೆಕಾರ್ಡಿಂಗ್‌ನ ಮೊದಲ ಕರಡು ಮಾಡಲು, ಪಟ್ಟಿ ವಿಂಗಡಿಸಲು ಬಳಸಿ. ಭಾಷಿಣಿ, ಎಐ4ಭಾರತ್‌ನಂಥ ಯೋಜನೆಗಳಿಂದ ಕನ್ನಡಕ್ಕೂ ಈಗ ಮಾದರಿಗಳಿವೆ. ಆದರೆ ಜಗಳೂರು, ಹರಪನಹಳ್ಳಿ ಕಡೆಯ ಮಾತನ್ನು ಅವು ಪುಸ್ತಕದ ಕನ್ನಡಕ್ಕೆ ತಿದ್ದಿಬಿಡುತ್ತವೆ. ರೆಕಾರ್ಡಿಂಗ್ ಕೇಳುತ್ತಾ ನೀವೇ ಮತ್ತೆ ಸರಿಪಡಿಸಿ. 'ಈ ಮಿಲ್ ಯಾವಾಗ ಶುರುವಾಯಿತು?' ಅಂತ ಅದನ್ನು ಕೇಳಬೇಡಿ. ಉತ್ತರ ಕೊಟ್ಟೇ ಕೊಡುತ್ತದೆ, ಆಧಾರ ಕೊಡುವುದಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದಾ?

ಹಾಕಿ. 'ಎಲ್ಲ ದಾಖಲೆ ಕೊಡಿ' ಅನ್ನಬೇಡಿ. ಕಾರ್ಖಾನೆಯ ಹೆಸರು, ವರ್ಷ, ಬೇಕಾದ ಕಾಗದದ ಹೆಸರು ಬರೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರ, ನೀರಿನ ಪರೀಕ್ಷಾ ವರದಿ, ಪರಿಶೀಲನಾ ಟಿಪ್ಪಣಿ, ಹೀಗೆ. ಕಡತ ನೋಡಲು ಅವಕಾಶ ಕೊಡಿ ಅಂತಲೂ ಕೇಳಬಹುದು. ಹೊಸ ಯೋಜನೆಗಳ ಪರಿಸರ ಅನುಮತಿ ಕಾಗದಗಳು 'ಪರಿವೇಶ್' ತಾಣದಲ್ಲಿ ಅರ್ಜಿ ಇಲ್ಲದೆಯೇ ಸಿಗುತ್ತವೆ.

ಕೆಲಸ ಮುಗಿದ ಮೇಲೆ ಎಲ್ಲಿ ಇಡಬೇಕು?

ಮೂಲ ಸ್ಕ್ಯಾನು, ರೆಕಾರ್ಡಿಂಗ್, ಹಾಳೆ ಮೂರನ್ನೂ ಎರಡು ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ, ಎರಡು ಬೇರೆ ಮನೆಯಲ್ಲಿ ಇಡಿ. ಹಕ್ಕುಸ್ವಾಮ್ಯದ ತೊಡಕಿಲ್ಲದ್ದನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ವಿವರ ಬರೆಯಿರಿ. ಹಾಗೆ ಮಾಡಿದರೆ ಎರಡೂ ಭಾಷೆಯಲ್ಲಿ ಹುಡುಕುವವರಿಗೆ ಸಿಗುತ್ತದೆ. ಒಂದು ಪ್ರತಿಯನ್ನು ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೋ ಕೊಡಿ. ಮಾತಾಡಿದ ಹಿರಿಯರ ಮನೆಗೆ ಅವರ ರೆಕಾರ್ಡಿಂಗ್ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ತಲುಪಿಸಿ. ಜೊತೆಗೆ ಅವರು ಹೇಳಿದ್ದನ್ನು ನೀವು ಎಲ್ಲಿ, ಹೇಗೆ ಬಳಸಿದ್ದೀರಿ ಅನ್ನುವ ಪುಟವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಡಿ.